ಬಿಸಿಲಿಗೆ ಕಪ್ಪಾಗುವ ಗಾಜು

ನನ್ನ ಕನ್ನಡಕದ ಪವರ್ ಮೈನಸ್ ಎಂಟು. ತೆಗೆದರೆ ಅರ್ಧ ಗೇಣಿನಾಚೆ ಯಾವುದಕ್ಕೂ ಅಂಚು ಇರುವುದಿಲ್ಲ. ಮನುಷ್ಯರು ಬಣ್ಣದ ಕಲೆಗಳಾಗುತ್ತಾರೆ. ದನಿ ಕೇಳಿ ಗುರುತಿಸಬೇಕು.

ಮನೆ ಸೊರಬ ತಾಲ್ಲೂಕಿನ ಹೊಸಬಾಳೆಯಲ್ಲಿ, ಕೆಲಸ ಶಿಕಾರಿಪುರದಲ್ಲಿ. ಬೆಳಿಗ್ಗೆ ಸ್ಕೂಟಿಯಲ್ಲಿ ಪೂರ್ವಕ್ಕೆ ಹೋಗಬೇಕು, ಸಂಜೆ ಪಶ್ಚಿಮಕ್ಕೆ ಮರಳಬೇಕು. ಎರಡು ಹೊತ್ತೂ ಸೂರ್ಯ ಕಣ್ಣಿಗೇ. ಕೆಲಸಕ್ಕೆ ಸೇರಿದ ಮೊದಲ ಬೇಸಿಗೆಯಲ್ಲೇ ತಲೆನೋವು ಶುರುವಾಯಿತು. ಕನ್ನಡಕಕ್ಕೆ ಸಿಕ್ಕಿಸುವ ಕಪ್ಪು ಕ್ಲಿಪ್ ತಂದೆ. ರಸ್ತೆಯ ಹಂಪ್‌ಗಳಲ್ಲಿ ಅದು ಕಳಚಿ ಬೀಳುತ್ತಿತ್ತು, ಗಾಜಿಗೂ ಗೀರು ಬಿತ್ತು. ಆಮೇಲೆ ಕನ್ನಡಕದ ಮೇಲೆಯೇ ಹಾಕಿಕೊಳ್ಳುವ ದೊಡ್ಡ ಕಪ್ಪು ಕನ್ನಡಕ. ಹೆಲ್ಮೆಟ್ಟಿನೊಳಗೆ ಎರಡು ಜೊತೆ ಕಡ್ಡಿ ಒತ್ತಿ ಕಿವಿಯ ಮೇಲೆ ಹುಣ್ಣಾಯಿತು.

ಬಿತ್ತನೆ ಬೀಜಕ್ಕೆಂದು ಶಿಕಾರಿಪುರಕ್ಕೆ ಬಂದಿದ್ದ ಅಪ್ಪನೇ ನನ್ನನ್ನು ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದ. ಪವರ್ ಇರುವ ಕಪ್ಪು ಕನ್ನಡಕವನ್ನು ಬೇರೆಯೇ ಮಾಡಿಸಬಹುದು, ಇಲ್ಲವೇ ಬಿಸಿಲಿಗೆ ತಾನೇ ಕಪ್ಪಾಗಿ ಒಳಗೆ ಬಂದರೆ ಬಿಳಿಯಾಗುವ ಗಾಜು ಹಾಕಿಸಬಹುದು ಎಂದರು ಅಂಗಡಿಯವರು. ಚಳಿಗಾಲದಲ್ಲಿ ಅದು ಇನ್ನೂ ಕಪ್ಪಾಗುತ್ತದೆ, ತಿಳಿಯಾಗಲು ಹೊತ್ತು ಹಿಡಿಯುತ್ತದೆ ಎಂದೂ ಹೇಳಿದರು.

ಅಪ್ಪ ಎರಡನೆಯದನ್ನೇ ಆರಿಸಿದ. "ಎರಡು ಜೊತೆ ಕೊಡಿಸಿದ್ರೆ ಒಂದನ್ನ ಎಲ್ಲಾದ್ರೂ ಬಿಟ್ಟು ಬರ್ತಾಳ್ರೀ. ಇದಾದ್ರೆ ಮುಖದ ಮೇಲೇ ಇರ್ತದೆ."

ಅದನ್ನು ಹಾಕಿಕೊಂಡು ಹೊರಗೆ ಬಂದಾಗ ನನ್ನ ಮುಖ ನೋಡಿ ನಕ್ಕ. ಮನೆಯೊಳಗೊಬ್ಬಳು, ಹೊರಗೊಬ್ಬಳು, ತನಗೆ ಇಬ್ಬರು ಹೆಣ್ಣುಮಕ್ಕಳಾದರು ಎಂದ.

ಮುಂದಿನ ಚಳಿಗಾಲದ ಒಂದು ಬೆಳಿಗ್ಗೆ, ನಾನು ಕೆಲಸಕ್ಕೆ ಹೋದ ಮೇಲೆ, ಅಪ್ಪ ಕಣದಲ್ಲಿ ಕುಸಿದು ಬಿದ್ದ. ಆಸ್ಪತ್ರೆಯ ದಾರಿಯಲ್ಲೇ ಜೀವ ಹೋಯಿತು. ನನಗೆ ಫೋನ್ ಬಂದಾಗ ಮಧ್ಯಾಹ್ನವಾಗಿತ್ತು. ಸಹೋದ್ಯೋಗಿಯೊಬ್ಬರು ಸ್ಕೂಟಿ ಮುಟ್ಟಲು ಬಿಡದೆ ತಮ್ಮ ಬೈಕಿನಲ್ಲಿ ಕೂರಿಸಿಕೊಂಡು ಬಂದರು. ದಾರಿಯುದ್ದಕ್ಕೂ ತಣ್ಣನೆಯ ಗಾಳಿ, ಸುಡದ ಬಿಳಿ ಬಿಸಿಲು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ನಾನು ತಲುಪುವಷ್ಟರಲ್ಲಿ ಅಪ್ಪನಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಅಂಗಳದಲ್ಲಿ ಹೊತ್ತೊಯ್ಯಲು ಬಿದಿರಿನಲ್ಲಿ ಕಟ್ಟಿ ಹೂವು ಸುತ್ತಿದ ವಿಮಾನದೊಳಗೆ ಕೂರಿಸಿಯಾಗಿತ್ತು. ಹೊತ್ತು ಇಳಿಯುವ ಮೊದಲು ಮಣ್ಣು ಮಾಡಬೇಕು ಎಂಬ ಅವಸರ. ಜನ ನನಗೆ ದಾರಿ ಬಿಟ್ಟರು. ಅಪ್ಪನ ಅಕ್ಕ, ನನ್ನ ದೊಡ್ಡ ಅತ್ತೆ, ಅಡ್ಡ ಬಂದು ನಿಂತರು.

"ಅಪ್ಪನ ಹೆಣದ ಮುಂದೆ ಕೂಲಿಂಗ್ ಗ್ಲಾಸ್ ಹಾಕ್ಕೊಂಡು ಬಂದೀಯಲ್ಲೇ. ತೆಗಿ ಅದನ್ನ."

"ಇದು ಪವರಿಂದು ಅತ್ತೆ."

"ನಿನ್ನ ಪವರಿಂದು ನಾ ನೋಡಿಲ್ವಾ? ಅದು ಬಿಳೀದು."

ಅವರು ನೋಡಿದ್ದು ನಿಜ. ಅವರು ಬಂದಾಗಲೆಲ್ಲ ನಾವು ಕೂರುತ್ತಿದ್ದುದು ನಡುಮನೆಯಲ್ಲಿ. ನಾನು ಮತ್ತೆ ಬಾಯಿ ತೆರೆಯುವುದರೊಳಗೆ ಅವರೇ ಕನ್ನಡಕ ಕಿತ್ತು, ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಎದುರಿಗೆ ಹಳದಿ ಇತ್ತು, ಅದರ ನಡುವೆ ಬಿಳಿ. ಹಳದಿ ಸೇವಂತಿಗೆ, ಬಿಳಿ ವಿಭೂತಿ ಎಂದು ಅಂದಾಜು ಮಾಡಿದೆ. ಹತ್ತಿರ ಹೋಗಿ ಮುಖಕ್ಕೆ ಮುಖ ತಾಗುವಷ್ಟು ಬಗ್ಗಿದರೆ ಮಾತ್ರ ನನಗೆ ಕಾಣುತ್ತಿತ್ತು. ಬಗ್ಗಲು ಹೋದಾಗ, ಮೇಲೆ ಬಿದ್ದು ಅಳುತ್ತಾಳೆಂದು ಹೆಂಗಸರು ಎರಡೂ ತೋಳು ಹಿಡಿದು ಹಿಂದಕ್ಕೆಳೆದರು. ವಿಮಾನ ಮೇಲೆದ್ದಿತು. ಹಳದಿ ಬಣ್ಣ ಓಣಿಯ ತಿರುವಿನವರೆಗೂ ಕಂಡಿತು.

ಸಂಜೆ ನಡುಮನೆಯಲ್ಲಿ ಅತ್ತೆ ಕನ್ನಡಕ ವಾಪಸು ಕೊಟ್ಟರು. ಗಾಜು ತಿಳಿಯಾಗಿತ್ತು. ಅವರು ಅದರ ಕಡೆ ನೋಡಲಿಲ್ಲ. ಮುಖ ನೋಡಿದೆಯಲ್ಲ ಎಂದು ಅಮ್ಮ ಕೇಳಿದಳು, ನಿದ್ದೆ ಮಾಡಿದಂತಿತ್ತು ಎಂದಳು. ಹೂಂ ಎಂದೆ.

ಈ ಬೇಸಿಗೆಯಲ್ಲಿ ಅತ್ತೆಯ ಒಂದು ಕಣ್ಣಿನ ಪೊರೆ ತೆಗೆದರು. ಬಿಸಿಲಿಗೆ ಕಪ್ಪು ಕನ್ನಡಕ ಹಾಕಲೇಬೇಕು ಎಂದಿದ್ದರು ಡಾಕ್ಟರು. ಇನ್ನೊಂದು ಕಣ್ಣಿಗೆ ಹಳೆಯ ಪವರ್ ಕನ್ನಡಕವೂ ಬೇಕು. ಹೇಗೆಂದು ತಿಳಿಯದೆ ನನ್ನನ್ನು ಕೇಳಿದರು. ಬಿಸಿಲಿಗೆ ಕಣ್ಣು ಬಿಡಲಾಗದೆ ಮುಖದ ಮೇಲೆ ಸೆರಗೆಳೆದುಕೊಂಡಿದ್ದ ಅವರನ್ನು ಅದೇ ಅಂಗಡಿಗೆ ಕರೆದುಕೊಂಡು ಹೋದೆ. ಅವರು ಸ್ಕೂಟಿ ಓಡಿಸುವವರಲ್ಲ, ಹೆಲ್ಮೆಟ್ಟಿನ ತೊಂದರೆ ಇಲ್ಲ. ಇದ್ದ ಕನ್ನಡಕದ ಮೇಲೆಯೇ ಹಾಕುವ ದೊಡ್ಡದು ಸಾಕು ಎಂದೆ. ಅದನ್ನೇ ಹಾಕಿಕೊಂಡು ಹೊರಗೆ ಬಂದರು. ಬಸ್ ಸ್ಟ್ಯಾಂಡಿನವರೆಗೂ ನೆರಳಿರಲಿಲ್ಲ. ನಡೆಯುತ್ತ ಏನೋ ಹೇಳಲು ನನ್ನ ಕಡೆ ತಿರುಗಿದವರು ಹಾಗೇ ನಿಂತುಬಿಟ್ಟರು. ತಮ್ಮ ಕಪ್ಪು ಕನ್ನಡಕವನ್ನು ಮೇಲೆತ್ತಿ ನನ್ನದನ್ನು ನೋಡಿದರು.

"ಒಳಗೆ ಬಿಳೀದಿತ್ತಲ್ಲೇ."

"ಹೌದು ಅತ್ತೆ. ಬಿಸಿಲಿಗೆ ಹೀಗಾಗ್ತದೆ."

"ಅವತ್ತೂ ಇದೇನಾ?"

"ಇದೇ."

ಬಸ್ಸೊಂದು ಹಾರ್ನ್ ಹಾಕಿಕೊಂಡು ಪಕ್ಕದಲ್ಲಿ ಹೋಯಿತು. ಅವರು ಸರಿಯಲಿಲ್ಲ, ನಾನೇ ಕೈಹಿಡಿದು ರಸ್ತೆಯ ಅಂಚಿಗೆ ಎಳೆದೆ.

"ಹಂಗಾರೆ ಅವನ ಮುಖ ನಿಂಗೆ ಕಾಣ್ಲೇ ಇಲ್ವಾ?"

ಇಲ್ಲ ಎಂದೆ. ಅಮ್ಮ ಹೇಳಿದ್ದನ್ನು ಹೇಳಿದೆ, ನಿದ್ದೆ ಮಾಡಿದಂತಿತ್ತಂತೆ ಎಂದು.

ಅತ್ತೆ ಕಪ್ಪು ಕನ್ನಡಕವನ್ನು ಕಣ್ಣಿನ ಮೇಲೆ ಇಳಿಸಿಕೊಂಡರು. "ನಿಮ್ಮಮ್ಮ ಸುಳ್ಳು ಹೇಳಿದಾಳೆ. ಎಡಗಣ್ಣು ಮುಚ್ಚಿರಲಿಲ್ಲ ಕಣೆ. ನಾನೇ ಒತ್ತಿ ಮುಚ್ಚಿದೆ, ಮತ್ತೆ ತೆಗೀತು. ಬಾಯೂ ಒಂಚೂರು ಸೊಟ್ಟಗಾಗಿತ್ತು."

ಗಡ್ಡದಲ್ಲಿ ಬಿಳಿ ಕೂದಲು ಎಲ್ಲಿತ್ತು, ಬಿದ್ದಾಗ ಹಣೆ ಎಲ್ಲಿ ತರಚಿತ್ತು, ಅದರ ಮೇಲೆ ವಿಭೂತಿ ಹೇಗೆ ಒದ್ದೆಯಾಗಿತ್ತು, ಎಲ್ಲವನ್ನೂ ಅವರು ಹೇಳುತ್ತ ಹೋದರು. ನಾನು ನಿಲ್ಲಿಸಲಿಲ್ಲ. ಬಸ್ ಸ್ಟ್ಯಾಂಡಿನ ನೆರಳಿಗೆ ಬಂದು ಕೂತ ಮೇಲೂ ಹೇಳುತ್ತಿದ್ದರು, ನನ್ನ ಗಾಜು ಪೂರ್ತಿ ತಿಳಿಯಾಗುವವರೆಗೆ.