ಬನಹಟ್ಟಿಗೆ ಹೋಗಿ ಕೇಳಬೇಕಾದ ಕ್ಷಮೆ

ನಮ್ಮ ಜಮಖಂಡಿಯ ಚರ್ಚಿನಲ್ಲಿ ಯೇಸುವಿನ ಕಡೆಯ ಊಟದ ನೆನಪಿಗೆ ಪ್ರಭುಭೋಜನದ ರೊಟ್ಟಿ ಹಂಚುವ ಹೊತ್ತಿಗೆ ಒಬ್ಬರು ಮಾತ್ರ ಎದ್ದು ಹೊರಗೆ ಹೋಗಿಬಿಡುತ್ತಾರೆ. ಯೋಹಾನ ಮಾಸ್ತರು. ನಿವೃತ್ತ ಡ್ರಾಯಿಂಗ್ ಮಾಸ್ತರು, ನನಗೂ ಕಲಿಸಿದವರು. (ನನ್ನ ಮಾರ್ಕ್ಸ್ ಮಾತ್ರ ಕೇಳಬೇಡಿ.) ಹಾಡು, ಪ್ರಾರ್ಥನೆ, ಪ್ರಸಂಗ ಎಲ್ಲಕ್ಕೂ ಇರುತ್ತಾರೆ. ರೊಟ್ಟಿಯ ತಟ್ಟೆ ಬಂತೋ, ಅಂಗಳಕ್ಕೆ ಹೋಗಿ ನಿಲ್ಲುತ್ತಾರೆ. ವರ್ಷಗಳಿಂದ ಹೀಗೇ.

ಹೊಸದಾಗಿ ಬಂದ ಪಾದ್ರಿಗಳು ಮೊನ್ನೆ ಕೇಳಿಯೇಬಿಟ್ಟರು. ನಾನೂ ಅಲ್ಲೇ ಇದ್ದೆ.

"ಮಾಸ್ತರೇ, ಪಶ್ಚಾತ್ತಾಪ ಪಟ್ಟವರನ್ನ ದೇವರು ಕ್ಷಮಿಸ್ತಾನೆ. ಒಳಗೆ ಬನ್ನಿ."

"ದೇವರು ಕ್ಷಮಿಸ್ಯಾನ್ರಿ, ಅದು ಗೊತ್ತೈತಿ. ಆದ್ರ ನಾ ತಪ್ಪು ಮಾಡಿದ್ದು ಮಗಳಿಗೆ. ಆಕೀನ ಇನ್ನೂ ಕೇಳೇ ಇಲ್ಲ."



ಮಗಳ ಹೆಸರು ರೂತ್. ಬನಹಟ್ಟಿಯ ನೇಕಾರರ ಹುಡುಗನನ್ನು ಮೆಚ್ಚಿ ಮದುವೆಯಾದಳು. ಹುಡುಗ ನಮ್ಮ ಕ್ರೈಸ್ತ ಸಭೆಯವನಲ್ಲ. ಮಾಸ್ತರು ಆಗ ಬೀಳಗಿ ಕಡೆಯ ತಮ್ಮೂರಿನಲ್ಲಿ ಸಭೆಯ ಹಿರಿಯರು. ನಾಲ್ಕು ಜನರ ಮುಂದೆ ಮರ್ಯಾದೆ ಹೋಯಿತೆಂದು ಮಗಳಿಗೆ ಬಾಗಿಲು ಮುಚ್ಚಿದರು. ಮುಂದೆ ಅವರ ಹೆಂಡತಿ ತೀರಿಕೊಂಡಾಗ ರೂತ್ ಅಳುತ್ತ ಓಡಿ ಬಂದಳು. ಅವಳನ್ನು ಅಂಗಳದಲ್ಲೇ ತಡೆದು ವಾಪಸ್ ಕಳಿಸಿದರು. ತಾಯಿಯ ಮುಖ ನೋಡಲು ಬಿಡಲಿಲ್ಲ!

ಇಂಥದ್ದು ಮಾಡಿದ ಮೇಲೆ ಮನುಷ್ಯನಿಗೆ ನಿದ್ದೆ ಹೇಗೆ ಬರುತ್ತದೆ? ಸಿಟ್ಟು ಇರುವ ತನಕ ಚೆನ್ನಾಗಿಯೇ ಬರುತ್ತದಂತೆ. ಸಿಟ್ಟು ಇಳಿದ ಮೇಲೆ ಬರುವುದಿಲ್ಲವಂತೆ. (ಮಾಸ್ತರೇ ಹೇಳಿದ್ದು.)

"ಹಂಗಾರ ಬನಹಟ್ಟಿಗೆ ನಡೀರಿ ಸರ. ನಾನೂ ಬರ್ತೀನಿ" ಅಂದೆ.

ಬಸ್ಸು ಬನಹಟ್ಟಿ ಸಮೀಪಿಸಿದಾಗ ಅವರು ನನ್ನ ತೋಳು ಹಿಡಿದುಕೊಂಡರು. "ವಾಪಸ್ ಹೋಗಿಬಿಡೂಣೇನೋ ತಮ್ಮಾ?"

ಓಣಿಯ ತುಂಬ ಮಗ್ಗಗಳ ಸದ್ದು. ರೂತ್ ಹೊರಗೆ ಬಂದಳು. ಕೂದಲು ಅಲ್ಲಲ್ಲಿ ನೆರೆತಿತ್ತು. ಬರ್ರಿ ಅನ್ನಲಿಲ್ಲ, ಹೋಗ್ರಿ ಅಂತಲೂ ಅನ್ನಲಿಲ್ಲ. ಮಾಸ್ತರು ಹೊಸ್ತಿಲಾಚೆಯೇ ನಿಂತು ಕೈ ಜೋಡಿಸಿದರು.

"ರೂತೀ, ತಪ್ಪು ನಂದು. ಕ್ಷಮಾ ಕೇಳಾಕ ಬಂದೇನಿ."

ಅವಳು ಕೇಳಿದ್ದು ಒಂದೇ ಮಾತು. "ಅವ್ವ ಕಡೀಕ ನನ್ನ ನೆನಸಿದ್ಲೇನ್ರಿ?"

ಇಲ್ಲವ್ವ, ಆಕೆಗೆ ಎಚ್ಚರವೇ ಇರಲಿಲ್ಲ ಅಂತ ಮಾಸ್ತರು ಅಂದಿದ್ದರೆ ನಡೆಯುತ್ತಿತ್ತು. ಯಾರಿಗೆ ಗೊತ್ತಾಗುತ್ತಿತ್ತು?

"ನೆನಸಿದ್ಲು. ರೂತೀನ ಕರಸ್ರಿ ಅಂದ್ಲು. ನಾ ಕರಸಲಿಲ್ಲ."

ಕ್ಷಮೆ ಕೇಳಲು ಬಂದವರು ಸಿಟ್ಟಿಗೆ ಇನ್ನೊಂದು ಕಾರಣ ಕೊಟ್ಟರಲ್ಲ! ರೂತ್ ಒಳಗೆ ಹೋದಳು. ಒಳಗಿನ ಮಗ್ಗ ನಿಂತಿತು. ಅವಳು ಅಳುವುದು ಕಟ್ಟೆಯ ಮೇಲೆ ಕುಳಿತ ನಮಗೆ ಕೇಳುತ್ತಿತ್ತು. ಮಾಸ್ತರು ಎದ್ದು ಹೋಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅರ್ಧ ಮುಚ್ಚಿಟ್ಟು ಕೇಳಿದ್ದರೆ ಸಿಗುವ ಕ್ಷಮೆಯೂ ಅರ್ಧವೇ ಅಲ್ಲವೇ ಅಂತ ನನಗೆ ಹೊಳೆದದ್ದು ಆಮೇಲೆ.

ಅವಳು ಮುಖ ತೊಳೆದುಕೊಂಡು ಬಂದಳು.

"ಮುಖಾ ನೋಡಾಕ ಬಿಡ್ಲಿಲ್ಲ. ಗೋರಿಗ್ಯಾರ ಹೋಗಿ ಕೈ ಮುಗೀಬೇಕಂದ್ರ ನೀರು ಬಂತು. ನಾ ಎಲ್ಲಿಗೆ ಹೋಗ್ಲಿ ಹೇಳ್ರಿ?"

ಖರೆ. ಆಲಮಟ್ಟಿಯ ಹಿನ್ನೀರು ಮಾಸ್ತರ ಊರನ್ನು ನುಂಗಿತ್ತು. ಮನೆಗಳನ್ನು ಕಳೆದುಕೊಂಡವರು ಪುನರ್ವಸತಿ ಕೇಂದ್ರಕ್ಕೆ ಹೋದರು, ಮಾಸ್ತರು ಜಮಖಂಡಿಗೆ ಬಂದರು. ಸ್ಮಶಾನ ಎಲ್ಲಿಗೆ ಹೋದೀತು? ಅಲ್ಲೇ ಮುಳುಗಿತು.

"ಅವ್ವನ್ನ ಎಲ್ಲಿ ಇಟ್ಟೀರಿ ಅನ್ನೂದ್ನಾರ ತೋರಸ್ರಿ" ಅಂದಳು.

ಮರುದಿನ ಮೂವರೂ ಹೊಳೆಯ ದಂಡೆಗೆ ಹೋದೆವು. ಮಳೆಗಾಲ ಮುಗಿದಿತ್ತಷ್ಟೇ, ಕಣ್ಣು ಹಾಯುವಷ್ಟೂ ನೀರು. ಮಾಸ್ತರು ಬೆರಳು ಚಾಚಿದರು. "ಅಲ್ಲಿ... ಅಲ್ಲವ್ವ, ಇನ್ನೊಂದೀಟು ಈಕಡೆ..." ಬೆರಳು ಒಂದೆಡೆ ನಿಲ್ಲಲೇ ಇಲ್ಲ. ಹೆಂಡತಿಯ ಗೋರಿಯ ಗುರುತು ಅವರಿಗೂ ಸಿಗಲಿಲ್ಲ. ತಂದೆ ಮಗಳು ಒಂದೇ ನೀರನ್ನು ನೋಡುತ್ತ ನಿಂತರು.

"ಅವ್ವಾ" ಅಂದಳು ರೂತ್, ಮೆಲ್ಲಗೆ. ಪಕ್ಕದ ಮನೆಯವರನ್ನು ಕರೆದ ಹಾಗೆ.

ಹೊರಡುವಾಗ ತಂದೆಯ ಕಡೆ ತಿರುಗಿದಳು. "ಕ್ಷಮಾ ಮಾಡೇನಿ ಅನ್ನಾಕ ಈಗ ಬಾಯಿ ಬರವಲ್ದ್ರಿ ಅಪ್ಪಾ. ಬ್ಯಾಸಿಗ್ಯಾಗ ನೀರು ಇಳೀತೈತಂತ. ಆವಾಗ ಕೂಡೇ ಬರೂಣು, ಹುಡುಕೂಣು."

"ಬರೂಣವ್ವಾ" ಅಂದರು ಮಾಸ್ತರು.

ದೇವರ ಕಡೆಗೆ ತಿರುಗಿಕೊಳ್ಳಿ ಎಂದು ನಾವು ವಾರವಾರವೂ ಒಬ್ಬರಿಗೊಬ್ಬರು ಹೇಳುತ್ತೇವೆ. ಆ ದಾರಿ ಮೊದಲು ಯಾರ ಮನೆಯ ಮುಂದೆ ಹಾದುಹೋಗುತ್ತದೆ ಅಂತ ಯಾಕೆ ಹೇಳುವುದಿಲ್ಲ?