ಮಂಡಿಯಮ್ಮನ ತಿರುಗೇಟು

ಆಕೆಯ ಬಲ ಮುಂಗೈ ಎಡದ್ದಕ್ಕಿಂತ ದಪ್ಪಗಿತ್ತು. ಮದುವೆಯಾಗಿ ಬಂದಾಗಿನಿಂದ ಮಚ್ಚು ಹಿಡಿದು ಕಾಯಿ ಒಡೆದು ಕೊಬ್ಬರಿ ತೆಗೆದ ಕೈ ಅದು. ಅರಸೀಕೆರೆಯಲ್ಲಿ ನಮ್ಮ ಮನೆಗೆ ಅಂಟಿಕೊಂಡೇ ಆಕೆಯ ತೆಂಗಿನಕಾಯಿ ಮಂಡಿ ಇತ್ತು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ನಡೆಸುತ್ತಿದ್ದಳು. ಊರಿಗೆಲ್ಲ ಮಂಡಿಯಮ್ಮ. ತೂಕದಲ್ಲಿ ಮೋಸ ಮಾಡಿದವನ ಕೆನ್ನೆ ಊದಿಸಿ, ಆಮೇಲೆ ಕೂರಿಸಿ ಕಾಫಿ ಕೊಡುವ ಹೆಂಗಸು. "ಬಾಯಲ್ಲಿ ಹೇಳಿದ್ರೆ ಮರ್ತೋಗ್ತಾನೆ ಕಣೇ" ಎನ್ನುತ್ತಿದ್ದಳು.

ನನ್ನ ಗಂಡ ಕುಡಿದು ಬಂದು ನನ್ನ ಜುಟ್ಟು ಹಿಡಿದು ಬೀದಿಗೆ ಎಳೆದ ಮಧ್ಯಾಹ್ನ ಜನ ನಿಂತು ನೋಡಿದರು. ಮಂಡಿಯಮ್ಮ ನೋಡುತ್ತ ನಿಲ್ಲಲಿಲ್ಲ. ಮಚ್ಚು ತಿರುಗಿಸಿ ಹಿಡಿದು, ಅದರ ಬೆನ್ನಿನಿಂದ ಅವನ ಭುಜಕ್ಕೆ ಬಾರಿಸಿದಳು. ಮೂಳೆ ಲಟಕ್ಕೆಂದದ್ದು ನನಗೂ ಕೇಳಿಸಿತು.

"ಏನ್ಲಾ, ಇನ್ನೊಂದ್ ಸಲ ಕೈ ಎತ್ತು. ಆಗ ಮಚ್ಚಿನ ಬಾಯೇ ಬೀಳ್ತೈತೆ."

ಪಟ್ಟಿ ಕಟ್ಟಿಸಿಕೊಂಡು ತನ್ನೂರು ಬಾಣಾವರಕ್ಕೆ ಹೋದವನು ಮತ್ತೆ ನಮ್ಮ ಬೀದಿಗೆ ಬರಲಿಲ್ಲ. ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಅಂದಿನಿಂದ ಆಕೆ ನನಗೂ ಅಮ್ಮ.

ಬರಬರುತ್ತ ಆಕೆಗೆ ಮೈಮೂಳೆಯೆಲ್ಲ ನೋವು ಶುರುವಾಯಿತು. "ಮೂಳೆ ಸವೆದೈತೆ" ಎಂದು ಯಾರನ್ನೂ ಕೇಳದೆ ಮೆಡಿಕಲ್ ಸ್ಟೋರಿನಿಂದ ಕ್ಯಾಲ್ಸಿಯಂ ಮಾತ್ರೆ ತಂದು ಕಡಲೆ ಥರ ಅಗಿಯತೊಡಗಿದಳು. ನೋವು ಹೆಚ್ಚಿತು, ಮಾತ್ರೆಯೂ ಹೆಚ್ಚಿತು. ಕೊಡಗಟ್ಟಲೆ ನೀರು ಕುಡಿದರೂ ದಾಹ. ಉಂಡದ್ದೆಲ್ಲ ವಾಂತಿ. ಸಿಟ್ಟಿಗೆ ಕಾರಣವೇ ಬೇಡವಾಯಿತು. ಒಂದು ದಿನ ಕಾಯಿ ಬೀಸಿ ಹಮಾಲಿಯ ಹಲ್ಲು ಉದುರಿಸಿದಳು. ಇನ್ನೊಂದು ದಿನ, ಊಟ ಕೊಡಲು ಹೋದ ನನ್ನ ಕುತ್ತಿಗೆ ಹಿಸುಕಿ "ಯಾರೇ ನೀನು?" ಎಂದಳು. ಮಾರನೆಯ ದಿನವೇ ಹಾಸನಕ್ಕೆ ಕರೆದುಕೊಂಡು ಹೋದೆ.

ರಕ್ತಪರೀಕ್ಷೆ ನೋಡಿ ಡಾಕ್ಟರು ಗದರಿದರು. ಕುತ್ತಿಗೆಯೊಳಗಿನ ಪುಟ್ಟ ಗ್ರಂಥಿಯೊಂದು ಕೆಟ್ಟು, ಮೂಳೆಯಲ್ಲಿದ್ದ ಕ್ಯಾಲ್ಸಿಯಂ ಕಿತ್ತು ರಕ್ತಕ್ಕೆ ಸುರಿಯುತ್ತಿದೆಯಂತೆ. ಅದರ ಮೇಲೆ ಈ ಮಾತ್ರೆ ಬೇರೆ.

"ಎದೆಬಡಿತ ಈಗ್ಲೇ ದಾರಿ ತಪ್ಪಿದೆ. ಹೀಗೇ ಬಿಟ್ರೆ ಹೃದಯ ನಿಂತೇಹೋಗಬಹುದು. ಇವತ್ತೇ ಅಡ್ಮಿಟ್ ಮಾಡಿ. ಆಪರೇಷನ್ ಮಾಡಿ ಗ್ರಂಥಿ ತೆಗೀಬೇಕು."

"ನನ್ ಕುತ್ತಿಗೆ ಕುಯ್ತಾನಂತಾ?" ಎಂದು ಮಂಡಿಯಮ್ಮ ಮೇಜಿನ ಮೇಲಿದ್ದ ಬಿಪಿ ಯಂತ್ರವನ್ನು ಗೋಡೆಗೆ ಅಪ್ಪಳಿಸಿ ಹೊರಟೇಬಿಟ್ಟಳು. ಗೇಟಿನ ಹತ್ತಿರ ಅಡ್ಡ ನಿಂತೆ, ಬೇಡಿಕೊಂಡೆ, ಅತ್ತೆ. ಕೇಳಲಿಲ್ಲ. ಹುಟ್ಟಿದ ಮೇಲೆ ಯಾರ ಮೇಲೂ ಕೈ ಎತ್ತದ ನಾನು ಆಕೆಯ ಕೆನ್ನೆಗೆ ಬಾರಿಸಿದೆ.

ಕೂಡಲೇ ತಿರುಗಿಸಿ ಬಾರಿಸಿದಳು. ನನ್ನ ತುಟಿ ಒಡೆದು ರಕ್ತ ಬಂತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಈ ಏಟು ಆವತ್ತು ನಿನ್ ಗಂಡನಿಗೆ ಬಿದ್ದಿದ್ರೆ ನಾನ್ಯಾಕೆ ಮಚ್ಚು ಎತ್ತಬೇಕಿತ್ತು? ನಡಿಯೇ, ಕುಯ್ಲಿ."

ಕ್ಯಾಲ್ಸಿಯಂ ಇಳಿಸಲು ಡ್ರಿಪ್ ಹಾಕಿದರು. ಆಪರೇಷನ್ನಿನ ಹಿಂದಿನ ದಿನ ಬೆಳಿಗ್ಗೆ ನನ್ನ ಕೈ ಹಿಡಿದುಕೊಂಡು ಏನೋ ಬೈಯುತ್ತಿದ್ದಳು. ಆ ದಪ್ಪ ಮುಂಗೈ ಒಮ್ಮೆಲೇ ಸಡಿಲವಾಯಿತು. ಹೃದಯ ನಿಂತಿತ್ತು. ಡಾಕ್ಟರು ಮಂಚ ಹತ್ತಿ, ಎರಡೂ ಕೈ ಜೋಡಿಸಿ ಎದೆಯನ್ನು ಗುದ್ದಿದ ಹಾಗೆ ಒತ್ತತೊಡಗಿದರು. ಒಳಗೆ ಮೂಳೆ ಲಟಕ್ಕೆಂದಿತು. ಮತ್ತೊಂದು ಲಟಕ್ಕೆಂದಿತು. ನರ್ಸ್ ನನ್ನನ್ನು ಹೊರಗೆ ತಳ್ಳುತ್ತಿದ್ದರೆ ನಾನು ಕಿರುಚುತ್ತಿದ್ದೆ: "ಬಿಡಬೇಡಿ, ಇನ್ನೂ ಜೋರಾಗಿ!"

ಆಕೆಯ ಒಂದು ಏಟಿನಿಂದ ನಾನು ಬದುಕಿದೆ. ನನ್ನ ಏಟು ಆಕೆಯನ್ನು ಆಸ್ಪತ್ರೆಯ ಮಂಚದವರೆಗೆ ತಂದಿತು, ಅಷ್ಟೆ; ಉಳಿಸಲಿಲ್ಲ. ಮೈಮೇಲೆ ಅಷ್ಟು ಬಿದ್ದರೂ ಮಂಡಿಯಮ್ಮ ತಿರುಗಿ ಹೊಡೆಯದೆ ಮಲಗಿದ್ದದ್ದು ಅದೊಂದೇ ಸಲ.