ಡೆಲ್ಟಾ ಪಕ್ಕದ ತುಂಡು ಗೆರೆ

ಹೋದ ವರ್ಷ ಡಿಪ್ಲೊಮಾ ಪರೀಕ್ಷೆಗಳ ಸಮಯ. ಧನಗೆರೆಯ ನಾಗಮಣಿ ಎಂಬ ಹುಡುಗಿ ಕೊಳ್ಳೇಗಾಲದ ನಮ್ಮ ಮನೆಗೆ ಬಂದಳು. ಪವರ್ ಸಿಸ್ಟಮ್ಸ್ ಪೇಪರಿನಲ್ಲಿ ಎರಡು ಸಲ ಫೇಲಾಗಿದ್ದಳು. ಮಾರನೆಯ ದಿನವೇ ಮತ್ತೆ ಪರೀಕ್ಷೆ. ತೀರಿಹೋದ ನನ್ನ ಯಜಮಾನರು ಪಾಲಿಟೆಕ್ನಿಕ್‌ನಲ್ಲಿ ಅದನ್ನೇ ಪಾಠ ಮಾಡುತ್ತಿದ್ದರು. ಅವರ ನೋಟ್ಸ್ ಬೇಕೆಂದಳು.

ಆ ನೋಟ್ಸ್ ಇರುವುದು ನನ್ನ ಅಕ್ಷರದಲ್ಲಿ. ಅವರ ಹ್ಯಾಂಡ್‌ರೈಟಿಂಗ್ ಕೋಳಿ ಕೆದರಿದ ಹಾಗೆ. "ಕಾನ್ವೆಂಟಲ್ಲಿ ಓದಿದೋಳು, ಫೇರ್ ಕಾಪಿ ಮಾಡ್ಕೊಡೇ" ಅನ್ನುತ್ತಿದ್ದರು. ಏನೂ ಅರ್ಥವಾಗದಿದ್ದರೂ ಸ್ಕೇಲ್ ಇಟ್ಟು, ಇಂಕಿನಲ್ಲಿ ಎಲ್ಲ ಸರ್ಕಿಟ್ ಬರೆದುಕೊಡುತ್ತಿದ್ದೆ.

ಟ್ರಾನ್ಸ್‌ಫಾರ್ಮರ್ ಪಾಠಕ್ಕೆ ಬಂದಾಗ ಪುಟ ಮಗುಚುತ್ತಿದ್ದ ನಾಗಮಣಿ ನಿಲ್ಲಿಸಿದಳು.

"ಅಮ್ಮಾರೇ, ಇಲ್ಲಿ ಗೆರೆನ ಯಾರೋ ಬ್ಲೇಡಲ್ಲಿ ಕೆರ್ದವ್ರೆ. ಡೆಲ್ಟಾ ಅಂತ ತ್ರಿಕೋನ ಇರೋ ಕಡೆಯೆಲ್ಲಾ ಇಂಗೇ ಅದೆ."

ಪುಸ್ತಕವನ್ನು ನನ್ನ ಕಡೆ ತಿರುಗಿಸಿಕೊಂಡೆ. ಯಜಮಾನರ ಮೂಲ ಚಿತ್ರಗಳಲ್ಲಿ ಅಲ್ಲಿ ಗೆರೆ ತುಂಡಾಗಿರುತ್ತಿತ್ತು. ಅವಸರದಲ್ಲಿ ಬಿಟ್ಟಿದ್ದಾರೆಂದುಕೊಂಡು ನಾನೇ ನೀಟಾಗಿ ಸೇರಿಸಿಬಿಟ್ಟಿದ್ದೆ.

"ಯಾವುದು ಸರಿ ಅಂತ ನಾಳೆ ಬರೀಲಿ?" ಎಂದಳು. ಅವಳದು ಕನ್ನಡ ಮೀಡಿಯಂ. ಚಿತ್ರದ ಕೆಳಗಿದ್ದ ಇಂಗ್ಲಿಷ್ ವಿವರಣೆಯನ್ನು ನಾನೇ ಓದಿ ಕನ್ನಡದಲ್ಲಿ ಹೇಳಿದೆ. ಮೂರು ತಂತಿಯಲ್ಲೂ ಒಂದೇ ಸಮಯಕ್ಕೆ ಒಂದೇ ತರ ಬರುವ ಕರೆಂಟು ಝೀರೋ ಸೀಕ್ವೆನ್ಸ್. ಅದಕ್ಕೆ ವಾಪಸ್ ದಾರಿ ಬೇಕು. ಮೂರು ವೈಂಡಿಂಗ್ ಸುರುಳಿಗಳ ತುದಿ ಒಂದೆಡೆ ಸೇರುವ ಸ್ಟಾರ್‌ನಲ್ಲಿ, ಆ ಸೇರುವ ಜಾಗವಾದ ನ್ಯೂಟ್ರಲನ್ನು ನೆಲಕ್ಕೆ ಅರ್ತ್ ಮಾಡಿದ್ದರೆ ಅದೇ ದಾರಿ.

"ಡೆಲ್ಟಾಗೆ ನ್ಯೂಟ್ರಲ್ಲೇ ಇಲ್ವಲ್ಲಮ್ಮಾ" ಎಂದು ಅವಳು ನೆಟ್ಟಗೆ ಕೂತಳು. "ಮೂರು ವೈಂಡಿಂಗೂ ಬಳೆ ತರ ಕೂಡ್ಕಂಡವೆ. ಕರೆಂಟು ಒಳಗೊಳಗೇ ಸುತ್ತತದೆ, ಆಚೆ ಲೈನಿಗೆ ಬರಕ್ಕೆ ದಾರಿ ಎಲ್ಲದೆ? ಅದುಕ್ಕೇ ಸಾರ್ ಕೆರ್ದವ್ರೆ. ನಾನೂ ಓದ್ಸಲ ನಿಮ್ಮಂಗೇ ಸೇರ್ಸ್ಬುಟ್ಟು ಫೇಲಾದೆ."

ಇಬ್ಬರೂ ನಕ್ಕೆವು. ಅವಳು ಪಾಸಾದಳು.

ಅವಳು ಹೋದ ಮೇಲೆ ಆ ಪುಟಗಳನ್ನು ಬೆರಳಿನಿಂದ ಸವರಿ ನೋಡಿದೆ. ಎಲ್ಲೂ ಕಾಗದ ಹರಿದಿಲ್ಲ. ಅಷ್ಟು ಜೋಪಾನವಾಗಿ ಕೆರೆದಿದ್ದಾರೆ. ಒಂದು ದಿನವೂ ತಪ್ಪು ಮಾಡಿದೆ ಎನ್ನಲಿಲ್ಲ. ಮುಂದಿನ ಸಲವೂ ನನ್ನ ಕೈಗೇ ಕೊಟ್ಟರು. ಬೈದಿದ್ದರೂ ಆಗುತ್ತಿತ್ತು, ಆ ನೆಪದಲ್ಲಿ ಪಕ್ಕದಲ್ಲಿ ಕೂತು ಹೇಳಿಕೊಡುತ್ತಿದ್ದರೇನೋ. ಅಷ್ಟು ವರ್ಷ ಜೊತೆಗಿದ್ದು, ಊಟ ಆಯ್ತಾ, ಕಾಫಿ ಬೇಕಾ ಎಂದು ಕೇಳಿದೆನೇ ಹೊರತು, "ಇದೇನ್ರೀ, ಗೆರೆ ಯಾಕೆ ಇಲ್ಲಿ ನಿಂತಿದೆ?" ಎಂದು ಒಮ್ಮೆಯೂ ಕೇಳಲಿಲ್ಲ.

ಈಗ ನನಗೆ ಅರ್ಥವಾಗಿದೆ. ಅವರಿಗೆ ಹೇಳಬೇಕೆನಿಸುತ್ತದೆ.